ಹವಾಮಾನ ಮುನ್ಸೂಚನೆಯ ಯಂತ್ರಕಲಿಕೆ ಮಾದರಿಗಳ ಒರೆಗಲ್ಲು

ದಶಕಗಳ ಹವಾಮಾನ ದಾಖಲೆಯಿಂದ ಕಲಿತು ಮುಂದಿನ ದಿನಗಳ ಗಾಳಿ, ಸೆಕೆ, ಮಳೆಯನ್ನು ಹೇಳುವ ಕಂಪ್ಯೂಟರ್ ಮಾದರಿಗಳನ್ನು ಒಂದೇ ದತ್ತಾಂಶ, ಒಂದೇ ಅವಧಿ, ಒಂದೇ ಅಳತೆಗೋಲಿನಲ್ಲಿ ಹೋಲಿಸುವ ಕ್ರಮ. ಮಾದರಿ ಕಟ್ಟಿದವರೇ ತಮಗೆ ಅಂಕ ಹಾಕಿಕೊಂಡರೆ ಆ ಅಂಕಕ್ಕೆ ಬೆಲೆಯಿರದು. ಆದ್ದರಿಂದ ಈ ಕೆಲಸ ಹಲವು ಸಂಸ್ಥೆಗಳು ಕೂಡಿಯೇ ಮಾಡುವಂಥದ್ದು.

2020ರಲ್ಲಿ ಬಂದ 'ವೆದರ್‌ಬೆಂಚ್' ಇದಕ್ಕೊಂದು ಸಾಮಾನ್ಯ ಕಣವನ್ನು ಒದಗಿಸಿತು. 2023ರ 'ವೆದರ್‌ಬೆಂಚ್ 2'ರಲ್ಲಿ ಗೂಗಲ್ ಸಂಶೋಧಕರ ಜೊತೆ ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರವೂ ಕೈಜೋಡಿಸಿತು. ಗ್ರಾಫ್‌ಕಾಸ್ಟ್, ಪಂಗು ಮುಂತಾದ ಮಾದರಿಗಳನ್ನು ಇಲ್ಲಿ ಹೆಚ್ಚಾಗಿ ತೂಗುವುದು ಆ ಕೇಂದ್ರದ 'ಇಆರ್‌ಎ5' ದತ್ತಾಂಶದೊಡನೆ. ಅದು ವೀಕ್ಷಣೆಗಳನ್ನು ಭೌತಿಕ ಮಾದರಿಯೊಳಗೆ ಬೆಸೆದು ಕಟ್ಟಿದ ಚಿತ್ರ. ಅದರ ಮಳೆ ಮಾಪಕದಲ್ಲಿ ಬಿದ್ದ ಮಳೆಯಲ್ಲ.

ಈ ವ್ಯತ್ಯಾಸ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಎದ್ದು ಕಾಣುತ್ತದೆ. ಇಂಥ ಮಾದರಿಗಳ ಒಂದು ಚೌಕ ಸಾಮಾನ್ಯವಾಗಿ ಕಾಲು ಡಿಗ್ರಿ, ಇಲ್ಲಿನ ಲೆಕ್ಕದಲ್ಲಿ ಸುಮಾರು 27 ಕಿ.ಮೀ. ಬೈಂದೂರಿನ ಕಡಲತಡಿಯಿಂದ 1343 ಮೀಟರ್ ಎತ್ತರದ ಕೊಡಚಾದ್ರಿಗೂ ನೇರ ಗೆರೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರ. ಮರವಂತೆಯ ಮರಳೂ ಕೊಲ್ಲೂರಿನ ಕಾಡೂ ಘಟ್ಟದ ಗೋಡೆಯೂ ಒಂದೆರಡು ಚೌಕಗಳೊಳಗೆ ಕರಗಿಹೋಗುತ್ತವೆ. ಜಗತ್ತಿನ ಸರಾಸರಿಯಲ್ಲಿ ಗೆದ್ದ ಮಾದರಿ ಸೌಪರ್ಣಿಕಾ, ವಾರಾಹಿ ನದಿಗಳ ನೆರೆಯನ್ನೂ ಸರಿಯಾಗಿ ಹೇಳೀತೆಂದು ನಂಬಲಾಗದು.

ಸಮಯದ ತೊಡಕೂ ಇದೆ. ನಮ್ಮಲ್ಲಿ ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ: ಮಾಪಕದೊಳಗಿನ ಪಾತ್ರೆಯ ನೀರನ್ನು ಗೀಟು ಹಾಕಿದ ಗಾಜಿನ ಜಾಡಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಅಂದಿನ ತಾರೀಖಿಗೆ ಬರೆಯುತ್ತಾರೆ. ಆರಾರು ಗಂಟೆಗೊಂದು ಹೆಜ್ಜೆಯಿಡುವ ಮಾದರಿಯ ದಿನ ಶುರುವಾಗುವುದು ನಮ್ಮ 5:30ಕ್ಕೆ. ನಡುವಿನ ಮೂರು ಗಂಟೆಯಲ್ಲಿ ಸುರಿದ ಆಷಾಢದ ಮಳೆ ಒಂದು ಲೆಕ್ಕದಲ್ಲಿ ಮುಗಿಯುವ ದಿನದ್ದು, ಇನ್ನೊಂದರಲ್ಲಿ ಶುರುವಾಗುವ ದಿನದ್ದು. ಇದನ್ನು ಹೊಂದಿಸದೆ ಹಾಕಿದ ಅಂಕ ಮಾದರಿಗೆ ಮಾಡುವ ಅನ್ಯಾಯ.

ಅಳತೆಗೋಲಿನ ಆಯ್ಕೆ ಇನ್ನೂ ಸೂಕ್ಷ್ಮ. ಸರಾಸರಿ ತಪ್ಪನ್ನು ತಗ್ಗಿಸಲೆಂದೇ ಕಲಿತ ಮಾದರಿ ಜೋರುಮಳೆಯನ್ನು ಹರಡಿ ಮಂಕಾಗಿಸುತ್ತದೆ. ಅಂಕ ಚೆನ್ನಾಗಿದ್ದರೂ ನೆರೆ ತಪ್ಪಿಹೋಗುತ್ತದೆ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 204.5 ಮಿ.ಮೀ. ಅಥವಾ ಅದಕ್ಕೂ ಮೇಲ್ಪಟ್ಟದ್ದು ಅತ್ಯಂತ ಭಾರೀ ಮಳೆ. ಕರಾವಳಿಯ ಪರೀಕ್ಷೆ ಈ ಗೆರೆಯ ಮೇಲೇ ನಡೆಯಬೇಕು.

ಬಳಸುವವರ ಅಗತ್ಯದಿಂದ ಹೊರಟ ಪ್ರಯತ್ನ 2025ರಲ್ಲಿ ನಡೆಯಿತು. ಗೂಗಲ್‌ನ 'ನ್ಯೂರಲ್‌ಜಿಸಿಎಂ', ಯುರೋಪಿನ 'ಎಐಎಫ್‌ಎಸ್' ಮತ್ತು ಹವಾಮಾನ ಇಲಾಖೆಯ 125 ವರ್ಷಗಳ ಮಳೆ ದಾಖಲೆಯನ್ನು ಬೆಸೆದು, ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಮುಂಗಾರಿನ ಆರಂಭದ ಮುನ್ಸೂಚನೆಯನ್ನು ಎಸ್‌ಎಂಎಸ್‌ನಲ್ಲಿ ಕಳಿಸಿತು. ಮುಂಗಾರು ನಡುವೆ ತಡೆದು ನಿಂತದ್ದನ್ನೂ ಅದು ಮೊದಲೇ ಹೇಳಿತ್ತು.

ಕರ್ನಾಟಕದಲ್ಲಿ ಒರೆಗೆ ಬೇಕಾದ ಕಲ್ಲು ಈಗಾಗಲೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಬ್ರಹ್ಮಾವರದಲ್ಲಿ ವಲಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. ಭತ್ತದ ಅಗೆ ಹಾಕುವವರಿಗೆ ಬೇಕಾದದ್ದು ಮೊದಲ ಮಳೆಯ ನಂತರ ಒಣಹವೆ ಬಂದೀತೇ ಎಂಬುದು. ಗಂಗೊಳ್ಳಿಯ ನಾಡದೋಣಿಯವರಿಗೆ ಅಳಿವೆ ದಾಟುವ ಹೊತ್ತಿನ ಗಾಳಿ. ಒಂದೇ ಮಾದರಿಗೆ ಈ ಎರಡರಲ್ಲೂ ಬೇರೆ ಬೇರೆ ಅಂಕ ಸಿಗಬಹುದು, ಎರಡನ್ನೂ ಬೇರೆಯಾಗಿಯೇ ಬರೆದಿಡಬೇಕು.