ಬಗ್ದಾದಿನಲ್ಲೊಂದು ದಿನಚರಿ

ದಿನಚರಿ ಬರೆಯುವುದು ಪಾಶ್ಚಾತ್ಯರಿಂದ ಬಂದ ಅಭ್ಯಾಸವೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ಪ್ರಸಿದ್ಧ ದಿನಚರಿಯನ್ನು ಆರಂಭಿಸಿದ್ದು 1660ರಲ್ಲಿ. ಅದಕ್ಕೂ ಸುಮಾರು ಆರು ಶತಮಾನಗಳ ಹಿಂದೆಯೇ ಬಗ್ದಾದಿನ ಹಂಬಲಿ ವಿದ್ವಾಂಸ ಅಬೂ ಅಲಿ ಇಬ್ನುಲ್ ಬನ್ನಾ (1005-1079) ತಾರೀಕು ಹಾಕಿ ದಿನದಿನದ ಸಂಗತಿಗಳನ್ನು ಬರೆದಿಡುತ್ತಿದ್ದರು.

ಅವರ ಸ್ವಂತ ಕೈಬರಹದ ಕೆಲವು ಹಾಳೆಗಳು ದಮಸ್ಕಸಿನ ಝಾಹಿರಿಯ್ಯ ಗ್ರಂಥಾಲಯದಲ್ಲಿ ಉಳಿದುಬಂದವು. ವಿದ್ವಾಂಸ ಜಾರ್ಜ್ ಮಕ್ದಿಸಿ ಅವನ್ನು 1956-57ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ನಮಗೆ ದಕ್ಕಿರುವುದು ಹಿಜರಿ 460ರ ಶವ್ವಾಲ್‌ನಿಂದ 461ರ ಝುಲ್‌ಕಅದದವರೆಗಿನ (1068-69) ಬರಹ ಮಾತ್ರ. ಸುಮಾರು 74 ವರ್ಷ ಬಾಳಿದವರ ಬದುಕಿನಲ್ಲಿ ಇದು ಒಂದು ವರ್ಷಕ್ಕಿಂತ ತುಸು ಹೆಚ್ಚು. ಅದರಲ್ಲಿ ಮರಣವಾರ್ತೆಗಳಿವೆ, ನಗರದ ಜಗಳಗಳಿವೆ, ಕನಸುಗಳೂ ಅವುಗಳ ಅರ್ಥವೂ ಇವೆ.

ಈ ಅಭ್ಯಾಸ ಬೆಳೆದದ್ದು ಹೇಗೆ? ಮಕ್ದಿಸಿ ಇದರ ಬೇರನ್ನು ಹದೀಸ್ ವಿದ್ಯೆಯಲ್ಲಿ ಕಾಣುತ್ತಾರೆ. ಒಬ್ಬರು 'ಇಂಥವರಿಂದ ಕೇಳಿದೆ' ಎಂದರೆ ಸಾಲದು. ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ, ಭೇಟಿಯಾಗಿರುವುದು ಸಾಧ್ಯವೇ ಎಂದು ಪರಿಶೀಲಿಸಬೇಕು. ಹೇಳಿದವರು ಹುಟ್ಟುವ ಮೊದಲೇ ಗುರು ತೀರಿಕೊಂಡಿದ್ದರೆ ಆ ಸನದು ಅಲ್ಲಿಗೇ ಕಡಿಯಿತು. ಹೀಗಾಗಿ ವಿದ್ವಾಂಸರಿಗೆ ತಾರೀಕು ಎಂಬುದು ಸತ್ಯದ ಸಾಕ್ಷಿಯಾಯಿತು.

ಹಾಗೆಂದು ಇಬ್ನುಲ್ ಬನ್ನಾ ತಟಸ್ಥರೆಂದಲ್ಲ. ಆಗ ಬಗ್ದಾದಿನಲ್ಲಿ ಯುವ ವಿದ್ವಾಂಸ ಇಬ್ನ್ ಅಖೀಲ್ ಅವರ ವಿಚಾರಗಳ ಕುರಿತು ದೊಡ್ಡ ವಿವಾದವೆದ್ದಿತ್ತು. ಮುಅ್‌ತಝಿಲಿ ಗುರುಗಳಿಂದ ಕಲಿತದ್ದೂ ಹಲ್ಲಾಜ್‌ರನ್ನು ಮೆಚ್ಚಿದ್ದೂ ಅವರ ಮೇಲಿನ ಆರೋಪ. ಅವರು ವರ್ಷಗಟ್ಟಲೆ ಮರೆಯಲ್ಲಿದ್ದು, 1072ರಲ್ಲಿ ತಮ್ಮ ಮಾತುಗಳನ್ನು ಬಹಿರಂಗವಾಗಿ ಹಿಂದೆಗೆದುಕೊಳ್ಳಬೇಕಾಯಿತು. ಮುಂದೆ ಅದೇ ಇಬ್ನ್ ಅಖೀಲ್ ಹಂಬಲಿಗಳ ಮಹಾ ವಿದ್ವಾಂಸರಲ್ಲಿ ಒಬ್ಬರೆನಿಸಿದರು. ಫಲಿತಾಂಶ ತಿಳಿದ ಮೇಲೆ ಬರೆದ ಇತಿಹಾಸಗಳು ಎಲ್ಲವನ್ನೂ ನಯಗೊಳಿಸಿಬಿಡುತ್ತವೆ. ಆದರೆ ನಾಳೆ ಏನಾಗುವುದೆಂದು ದಿನಚರಿ ಬರೆಯುವವರಿಗೆ ತಿಳಿದಿರುವುದಿಲ್ಲ. ಆ ದಿನದ ಸಿಟ್ಟು, ಸಂಶಯಗಳು ಅಲ್ಲಿ ಹಾಗೆಯೇ ಉಳಿಯುತ್ತವೆ.

ನಮ್ಮ ಸಮುದಾಯದ ನೆನ್ನೆಗಳ ಬಗ್ಗೆ ಇಂದು ಯಾರು ಯಾರೋ ಬರೆಯುತ್ತಾರೆಂದು ನಾವು ದೂರುತ್ತೇವೆ. ಆದರೆ ನಾವು ಬರೆದಿಟ್ಟದ್ದೆಷ್ಟು? ಹಿರಿಯರ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡೋಣ. ಇಂದಿನ ತಾರೀಕು ಹಾಕಿ ನಾವೂ ನಾಲ್ಕು ಸಾಲು ಬರೆಯೋಣ.