ಸ್ವಿಚ್

ಇಂಗ್ಲಿಷಿನ ‘ಸ್ವಿಚ್’ ಮೊದಲಿಗೆ ಬಳುಕುವ ತೆಳು ಬೆತ್ತ, ಕುದುರೆಗೆ ಬೀಸುವ ಛಡಿ. ರೈಲನ್ನು ಹಳಿಯಿಂದ ಹಳಿಗೆ ಹೊರಳಿಸುವ ಸಾಧನಕ್ಕೂ, ಆಮೇಲೆ ದೀಪದ ಗುಂಡಿಗೂ ಅದೇ ಹೆಸರು ಬಂತು. ಆಲ್ಗಾಲ್ 60 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದು ಜಿಗಿಯಬೇಕಾದ ಲೇಬಲ್‌ಗಳ ಪಟ್ಟಿ, ಬಿಸಿಪಿಎಲ್‌ನಲ್ಲಿ ‘ಸ್ವಿಚ್‌ಆನ್’. ಬಿ ಭಾಷೆಯನ್ನು ಹಾಯ್ದು ಸಿಗೆ ಬರುವಷ್ಟರಲ್ಲಿ ಆ ಬಾಲ ಉದುರಿತ್ತು.

ಸಿ ಭಾಷೆಯ ಸ್ವಿಚ್ ಗುಂಡಿಗಿಂತ ಹಳಿಗೇ ಹತ್ತಿರ. ಬೆಲೆ 2 ಆದರೆ ‘ಕೇಸ್ 2’ರತ್ತ ಹೊರಳುತ್ತದೆ, ಅಲ್ಲಿ ‘ಬ್ರೇಕ್’ ಬರೆಯದಿದ್ದರೆ ಅದರ ಕೆಳಗಿನ ‘ಕೇಸ್ 3’ಕ್ಕೂ ನುಗ್ಗುತ್ತದೆ. ಬೇಕೆಂದೇ ಹಾಗೆ ಬಿಡುವವರೂ ಇದ್ದಾರೆ, ಓದುವವರ ಪಾಡು ಕೇಳಬೇಡಿ!

ಕೇಸ್‌ಗಳು ಒತ್ತೊತ್ತಾಗಿದ್ದರೆ ಕಂಪೈಲರ್ ಒಳಗೊಳಗೇ ವಿಳಾಸಗಳ ಕೋಷ್ಟಕ ಕಟ್ಟುವುದುಂಟು. ಅಂಥದ್ದನ್ನು ನಾವೇ ಕಟ್ಟಿದರೆ ಫಂಕ್ಷನ್ ಪಾಯಿಂಟರ್‌ಗಳ ಅರೇ. ಕೂಡು, ಕಳೆ, ಗುಣಿಸು, ಭಾಗಿಸು ಫಂಕ್ಷನ್‌ಗಳ ವಿಳಾಸಗಳನ್ನು ಸಾಲಾಗಿ ಇಟ್ಟರೆ, ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ, ಇಂಡೆಕ್ಸ್ 2 ಎಂದರೆ ಗುಣಿಸು. ಹೊಸ ಲೆಕ್ಕ ಸೇರಿಸುವುದು ಸಲೀಸು. ಆದರೆ ಇಲ್ಲಿ ‘ಡಿಫಾಲ್ಟ್’ ಇಲ್ಲ. ಪರೀಕ್ಷಿಸದೆ 7 ಕೊಟ್ಟರೆ ಪ್ರೋಗ್ರಾಂ ಎಲ್ಲಿಗೆ ಹಾರುತ್ತದೋ ದೇವರೇ ಬಲ್ಲ. ನಾಲ್ಕೈದು ಕೇಸ್‌ಗಳಿಗೆ ನನಗಂತೂ ಸ್ವಿಚ್ಚೇ ಸಾಕು.