ಕಣ್ಣೆರಡು ಬಿಟ್ಟು ಹೊಡೀರಿ ಮೇಷ್ಟ್ರೇ

"ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಮೇಷ್ಟ್ರೇ, ಒಟ್ನಲ್ಲಿ ಬುದ್ಧಿ ಬರ್ಬೇಕು."

ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಈ ಮಾತು ಹೊಸದಲ್ಲ. ಮಗನನ್ನು ಸೇರಿಸಲು ಬಂದ ಅಪ್ಪ ಇದನ್ನೂ ಹೇಳಿಯೇ ಮನೆಗೆ ಹೋಗೋರು. ಕೇಳೋಕೆ ಬರೀ ಆಡುಮಾತು. ಆದ್ರೆ ಇದರ ಬೆನ್ನಿಗೆ ಒಂದೂವರೆ ಶತಮಾನದ ಕಾನೂನಿನ ಬಲ ಇತ್ತು ಅಂದ್ರೆ ನಂಬ್ತೀರಾ?

ಹೊಡೆತವನ್ನು ಬ್ರಿಟಿಷರೇನೂ ತರಲಿಲ್ಲ. ನಮ್ಮ ಕೂಲಿಮಠಗಳಲ್ಲಿ 'ಕೋದಂಡ' ಅಂತ ಒಂದು ಶಿಕ್ಷೆ ಇತ್ತು. ತೊಲೆಗೆ ಹಗ್ಗ ಕಟ್ಟಿ, ಹುಡುಗ ಅದನ್ನು ಹಿಡಿದು ನೇತಾಡಬೇಕು. ಬ್ರಿಟಿಷರು ತಂದಿದ್ದು ಹೊಡೆತಕ್ಕೊಂದು ಕಾನೂನಿನ ರಕ್ಷಣೆ. ಮೆಕಾಲೆಯ ಆಯೋಗ 1837ರಲ್ಲಿ ಕರಡು ಬರೆದ ದಂಡ ಸಂಹಿತೆ 1860ರಲ್ಲಿ ಕಾನೂನಾಯಿತು. ಅದರ ಸೆಕ್ಷನ್ 89ರ ಪ್ರಕಾರ, 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ, ಸದುದ್ದೇಶದಿಂದ, ಪೋಷಕರು ಅಥವಾ ಅವರ ಒಪ್ಪಿಗೆ ಪಡೆದವರು ಮಾಡಿದ್ದು, ಕೆಲವು ಮಿತಿಗಳೊಳಗೆ, ಅಪರಾಧವಲ್ಲ. ಮಗುವನ್ನು ಶಾಲೆಗೆ ಸೇರಿಸಿದರೆ ಹೊಡೆಯೋಕೂ ಒಪ್ಪಿಗೆ ಕೊಟ್ಟಂತೆಯೇ ಎಂಬ ವಾದವನ್ನು ಆ ಕಾಲದ ನ್ಯಾಯಾಲಯಗಳೂ ಒಪ್ಪಿದವು. ನಮ್ಮ ಅಪ್ಪಂದಿರು ಅದನ್ನೇ ಬಾಯಿಬಿಟ್ಟು ಹೇಳ್ತಿದ್ರು, ಅಷ್ಟೇ.

ಬದಲಾವಣೆ ಬಂದಿದ್ದು ತೀರಾ ಈಚೆಗೆ. ಸ್ವೀಡನ್ 1979ರಲ್ಲೇ ಮನೆಯಲ್ಲೂ ಮಕ್ಕಳಿಗೆ ಹೊಡೆಯಬಾರದು ಅಂತ ಕಾನೂನು ಮಾಡಿತು. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಶಾಲೆಯಲ್ಲಿ ಬೆತ್ತಕ್ಕೆ ಅವಕಾಶ ಕೊಟ್ಟಿದ್ದ ದೆಹಲಿಯ ನಿಯಮವನ್ನು ಅಲ್ಲಿನ ಹೈಕೋರ್ಟ್ 2000ದಲ್ಲಿ ರದ್ದು ಮಾಡಿತು. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ ಸಮೀಕ್ಷೆ ಪ್ರಕಟಿಸಿತು. ಶಾಲೆಗೆ ಹೋಗುವ ಪ್ರತಿ ಮೂವರಲ್ಲಿ ಸುಮಾರು ಇಬ್ಬರು ಮಕ್ಕಳು ಏಟು ತಿಂದಿದ್ದೇವೆ ಅಂದಿದ್ದರು. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17 ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು.

ನನ್ನ ವಯಸ್ಸಿನವರೆಲ್ಲ ಅಷ್ಟರಲ್ಲಿ ಶಾಲೆ ಮುಗಿಸಿ ಆಗಿತ್ತು. ಅದಕ್ಕೇ ನಮ್ಮಲ್ಲಿ ಒಂದು ವಾದ ಉಳಿದುಬಿಟ್ಟಿದೆ: "ಅವತ್ತು ಮೇಷ್ಟ್ರು ಬಾರಿಸಿದ್ದಕ್ಕೇ ಇವತ್ತು ಈ ಕೆಲಸ, ಈ ಸಂಬಳ." ನಮ್ಮೂರ ಶಾಲೆಯ ವಾಟ್ಸ್ಆ್ಯಪ್ ಗ್ರೂಪಲ್ಲೂ ತಿಂಗಳಿಗೊಮ್ಮೆ ಇದು ಬರುತ್ತೆ, ಕೆಳಗೆ ಕೈಮುಗಿಯುವ ಎಮೋಜಿಗಳ ಸಾಲು. ಒಂದನೇ ಕ್ಲಾಸಲ್ಲಿ ನಾವು 34 ಜನ ಇದ್ವಿ. ಗ್ರೂಪಲ್ಲಿ ಇರೋದು 13. ಅರ್ಧಕ್ಕೆ ಬಿಟ್ಟವರು ಗ್ರೂಪಲ್ಲೇ ಇಲ್ಲ, ವಾದಕ್ಕೆ ಉತ್ತರ ಕೊಡೋರು ಯಾರು? ಅವರಲ್ಲಿ ಒಬ್ಬ ಮಗ್ಗಿ ತಪ್ಪಿದರೆ ಬೀಳುವ ಏಟಿಗೆ ಹೆದರಿ ಕೆರೆ ಏರಿ ಮೇಲೆ ಕೂತು ಸಂಜೆ ಮಾಡ್ತಿದ್ದ. ನಾಲ್ಕನೇ ಕ್ಲಾಸಿಗೇ ಬಿಟ್ಟ. ಓದಿನಲ್ಲಿ ಆಸಕ್ತಿ ಇಲ್ಲ ಅಂತ ಎಲ್ಲರೂ ಷರಾ ಬರೆದರು.

ಭಯದಲ್ಲಿರುವ ಮಗುವಿನ ಗಮನ ಬೋರ್ಡಿನ ಮೇಲಿರಲ್ಲ, ಬೆತ್ತದ ಮೇಲಿರುತ್ತೆ. ತಪ್ಪಾದರೆ ಏಟು ಅಂತ ಗೊತ್ತಾದ ಮೇಲೆ ಅದು ಪ್ರಶ್ನೆ ಕೇಳೋದನ್ನೇ ನಿಲ್ಲಿಸುತ್ತೆ. ನಮ್ಮ ನೆರೆಯ ಆಂಧ್ರ, ತೆಲಂಗಾಣದ ಮಕ್ಕಳನ್ನು 2002ರಿಂದ ವರ್ಷಗಟ್ಟಲೆ ಹಿಂಬಾಲಿಸಿದ 'ಯಂಗ್ ಲೈವ್ಸ್' ಅಧ್ಯಯನದಲ್ಲಿ, ಶಾಲೆ ಯಾಕೆ ಇಷ್ಟವಿಲ್ಲ ಅಂತ ಕೇಳಿದಾಗ ಮಕ್ಕಳು ಹೇಳಿದ ಮುಖ್ಯ ಕಾರಣಗಳಲ್ಲಿ ಮೇಷ್ಟ್ರ ಹೊಡೆತವೂ ಒಂದು. ಅಂದ್ರೆ ಕೆರೆ ಏರಿ ಮೇಲೆ ಕೂತವನು ಒಬ್ಬನೇ ಅಲ್ಲ.

2024ರ ಜುಲೈನಲ್ಲಿ ಹಳೇ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಸೆಕ್ಷನ್ 89ರ ಮಾತು ಈಗ ಸೆಕ್ಷನ್ 27 ಆಗಿ ಹಾಗೇ ಉಳಿದಿದೆ. 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯೊಳಗೆ ಶಿಕ್ಷಣ ಹಕ್ಕು ಕಾಯ್ದೆಯ ಕಾವಲಿದೆ. ಟ್ಯೂಷನ್ನಿನಲ್ಲಿ, ಮನೆಯಲ್ಲಿ? ಅಲ್ಲಿ ನಡೆಯೋದು ಪೋಷಕರ ಒಪ್ಪಿಗೆ. ಈಗ ಪೋಷಕರು ಅಂದ್ರೆ ನಾವೇ. ಪೇರೆಂಟ್ಸ್ ಮೀಟಿಂಗಲ್ಲಿ "ಸ್ವಲ್ಪ ಸ್ಟ್ರಿಕ್ಟ್ ಆಗಿರಿ ಮ್ಯಾಮ್, ನಾವೇನೂ ಅಂದ್ಕೊಳ್ಳಲ್ಲ" ಅಂತೀವಲ್ಲ, ಅದೂ ಒಪ್ಪಿಗೆನೇ. ಅದನ್ನ ಕೊಡದೇ ಇರೋಕೆ ಹೊಸ ಕಾನೂನೇನೂ ಬೇಕಿಲ್ಲ.